ಭಾಲ್ಕಿ ಮೊದಲು, ಔರಾದ ಆಮೇಲೆ

ಕಲಾವತಿ ಅಕ್ಕ ತೀರಿಕೊಂಡು ಇವತ್ತಿಗೆ ನಲವತ್ತು ದಿನ. ಅವರು ನನ್ನ ಒಡಹುಟ್ಟಿದವರಲ್ಲ. ಬೀದರಿನಲ್ಲಿ ನೌಬಾದ ಕಡೆಗಿದ್ದ ಒಂದು ಟ್ರಸ್ಟ್ ಆಸ್ಪತ್ರೆಯಲ್ಲಿ ಅವರು ಟೆಲಿಫೋನ್ ಆಪರೇಟರ್ ಆಗಿದ್ದರು. ನಾನು ಅದೇ ಆಸ್ಪತ್ರೆಯ ಟೆಲಿಫೋನ್ ಮೆಕ್ಯಾನಿಕ್. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಒಂದೇ ಕೋಣೆಯಲ್ಲಿ ಕೂತಿದ್ದೆವು.

ಮಗಳನ್ನು ಕೊಟ್ಟ ಹಲಬರ್ಗಾದಲ್ಲಿ ಅವರ ಮಣ್ಣಾಯಿತು. ನನ್ನ ಹಿಂದೆ ನಿಂತಿದ್ದ ಇಬ್ಬರು ಮೆಲ್ಲಗೆ ಮಾತಾಡುತ್ತಿದ್ದರು.

"ಇಕಿನೇ ಅಲ್ಲೇನ್ರಿ, ಶಿವರಾಜನ ಅವ್ವ ಸಾಯೋ ಮುಂದ ಸುದ್ದಿ ಮುಟ್ಟಿಸದ ಕೂತಾಕಿ?"

"ಹೌದಲ್ರಿ. ಮ್ಯಾಲ ಹೇಳೀನಿ ಅಂತ ಸುಳ್ಳ ಬ್ಯಾರೆ."

ನಾನು ತಿರುಗಿ ಅವರಿಗೆ ಒಂದು ಮಾತು ಹೇಳಬೇಕಿತ್ತು. ಹೇಳಲಿಲ್ಲ. ಕೈಯಲ್ಲಿದ್ದ ಹಿಡಿ ಮಣ್ಣು ಹಾಕಿ ಬಸ್ಸಿಗೆ ಬಂದೆ. ಕಲಾವತಿ ಅಕ್ಕ ಸುಳ್ಳು ಹೇಳಿರಲಿಲ್ಲ. ಅವರು ಸುದ್ದಿ ಕಳಿಸಿದ್ದರು. ಅದು ಮುಟ್ಟದೇ ಹೋದದ್ದು ನನ್ನ ಕೆಲಸದ ತಪ್ಪಿನಿಂದ. ಹದಿಮೂರು ವರ್ಷದಿಂದ ಇದು ನನಗೆ ಗೊತ್ತಿದೆ.

ನಿವೃತ್ತಿಯಾದ ಮೇಲೆ, ಈ ಕೆಲಸಕ್ಕೆ ಹೊಸದಾಗಿ ಬಂದವರು ನಿಮ್ಮ ಅನುಭವ ಬರೆದುಕೊಡಿ ಎಂದು ಎರಡು ಮೂರು ಸಲ ಕೇಳಿದ್ದರು. ಏನು ಬರೆಯುವುದು ಎಂದು ಬಿಟ್ಟಿದ್ದೆ. ಈಗ ಬರೆಯುತ್ತಿದ್ದೇನೆ. ನಾನು ಐಟಿಐ ಓದಿದವನು. ಓದಿದವರಂತೆ ಬರೆಯಲು ಬರುವುದಿಲ್ಲ.

ನಾನು ಸೇರಿದಾಗ ಎಲ್ಲ ಕರೆಗಳೂ ಕಲಾವತಿ ಅಕ್ಕನ ಬೋರ್ಡಿನ ಮೂಲಕವೇ ಹೋಗಬೇಕಿತ್ತು. ಅವರು ಕಮಲನಗರದವರು. ಮನೆಯಲ್ಲಿ ಮರಾಠಿ, ಹೊರಗೆ ಕನ್ನಡ, ಮುಂಜಾನೆ ಬರುವ ರೋಗಿಗಳ ಜೊತೆಗೆ ಹಿಂದಿ. ಅವರ ಮುಂದೆ ನಂಬರುಗಳ ಒಂದು ಪಟ್ಟಿ ಇತ್ತು. ಅದನ್ನು ಅವರು ನೋಡಿದ್ದನ್ನು ನಾನು ಕಾಣಲಿಲ್ಲ. ಯಾವ ಡಾಕ್ಟರು ಈಗ ಎಲ್ಲಿ ಕೂತಿದ್ದಾರೆ, ಯಾವ ಸಿಸ್ಟರ್ ಊಟಕ್ಕೆ ಹೋಗಿದ್ದಾರೆ, ಎಲ್ಲವೂ ತಲೆಯಲ್ಲಿ. ಹಳ್ಳಿಯ ಹೆಣ್ಣುಮಕ್ಕಳು ಫೋನ್ ಮಾಡಿ, "ನಮ್ಮ ಮನಿಯವರಿಗಿ ಕೊಡ್ರಿ" ಅನ್ನುತ್ತಿದ್ದರು. ಗಂಡನ ಹೆಸರು ಹೇಳುತ್ತಿರಲಿಲ್ಲ. ಅಕ್ಕ ಹೆಸರು ಕೇಳುತ್ತಲೂ ಇರಲಿಲ್ಲ.

"ಹ್ಯಾಂಗ ತಿಳೀತದ್ರಿ ಅಕ್ಕಾ ನಿಮಗ?" ಎಂದು ಕೇಳಿದೆ.

"ದನಿ ಕೇಳಿದ್ರ ತಿಳೀತದೋ. ಇಕಿ ಡ್ರೈವರನ ಹೇಣ್ತಿ. ದಿನಾ ಹನ್ನೊಂದಕ್ಕ ಜಗಳ ಆಡ್ಲಾಕ ಫೋನ್ ಮಾಡ್ತಾಳ. ಈಗ ಕೊಡಬಾರದು, ಗಾಡಿ ತೊಳೀಲಿಕತ್ತಾನ. ನೀರು ಕೈಯಾಗ ಇದ್ದಾಗ ಸಿಟ್ಟ ಹೆಚ್ಚ ಬರ್ತದ ಆತಗ."

ಹೊಸ ವಾಯ್ಸ್‌ಮೇಲ್ ಯಂತ್ರ ಬರುವವರೆಗೂ ಆಸ್ಪತ್ರೆಯ ಡೈರೆಕ್ಟರಿ ಅಂದರೆ ಅವರೇ.

ನಮ್ಮ ಟ್ರಸ್ಟಿಗೆ ಭಾಲ್ಕಿಯಲ್ಲಿ ಒಂದು, ಔರಾದಿನಲ್ಲಿ ಒಂದು ಸಣ್ಣ ಆಸ್ಪತ್ರೆ ಇದ್ದವು. ಮೂರಕ್ಕೂ ಬೇರೆ ಬೇರೆ ಟೆಲಿಫೋನ್ ಯಂತ್ರ. ಮೂರರಲ್ಲೂ ಮೂರಂಕಿಯ ನಂಬರುಗಳು. ಬೀದರಿನವು ಒಂದರಿಂದ ಶುರುವಾಗುತ್ತಿದ್ದವು. ಭಾಲ್ಕಿ ಮತ್ತು ಔರಾದ ಎರಡೂ ಎರಡರಿಂದ ಶುರು. ಹಿಂದೆ ನಂಬರು ಹಾಕಿದವರು ಮುಂದೊಂದು ದಿನ ಇವೆಲ್ಲ ಕೂಡುತ್ತವೆ ಎಂದು ಎಣಿಸಿರಲಿಲ್ಲ. ಹೀಗಾಗಿ ಭಾಲ್ಕಿಯ ಎಕ್ಸ್‌-ರೇ ಕೋಣೆಯೂ ೨೧೪, ಔರಾದಿನ ಎಕ್ಸ್‌-ರೇ ಕೋಣೆಯೂ ೨೧೪.

ಮೂರೂ ಊರಿಗೆ ಸೇರಿ ಒಂದೇ ವಾಯ್ಸ್‌ಮೇಲ್ ಯಂತ್ರವನ್ನು ಬೀದರಿನಲ್ಲಿ ಇಟ್ಟರು. ಯಾರಾದರೂ ಫೋನ್ ಎತ್ತದಿದ್ದರೆ ಅದರಲ್ಲಿ ಮಾತು ಬಿಡಬಹುದು. ಅವರ ಫೋನಿನ ಮೇಲೆ ಕೆಂಪು ದೀಪ ಹತ್ತುತ್ತದೆ. ಬಂದು ಕೇಳಿಕೊಳ್ಳುತ್ತಾರೆ. ಹೈದರಾಬಾದಿನಿಂದ ಬಂದ ಕಂಪನಿಯವರು ಮೂರು ದಿನ ಕಲಿಸಿ ಹೋದರು. ಉಳಿದದ್ದು ನನ್ನ ಪಾಲು.

ಆ ಕೆಲಸವನ್ನು ಸರಳವಾಗಿ ಹೇಳುತ್ತೇನೆ. ಪ್ರತಿ ಊರಿನ ನಂಬರುಗಳನ್ನು ಒಂದೊಂದು ಗುಂಪಿಗೆ ಹಾಕಬೇಕು. ಆಮೇಲೆ ಪ್ರತಿಯೊಬ್ಬ ನೌಕರನಿಗೂ ಒಂದು ಹುಡುಕು ಪಟ್ಟಿ ಕೊಡಬೇಕು. ಇವನು ಒಂದು ನಂಬರು ಒತ್ತಿದರೆ, ಇಲ್ಲವೇ ಒಂದು ಹೆಸರು ಹುಡುಕಿದರೆ, ಯಂತ್ರ ಮೊದಲು ಯಾವ ಗುಂಪಿನಲ್ಲಿ ನೋಡಬೇಕು, ಅಲ್ಲಿ ಇಲ್ಲದಿದ್ದರೆ ಯಾವುದರಲ್ಲಿ, ಯಾವುದರಲ್ಲಿ ನೋಡಲೇಬಾರದು, ಅದೆಲ್ಲ ಆ ಪಟ್ಟಿಯಲ್ಲಿರುತ್ತದೆ. ಮೊದಲು ಎಲ್ಲಿ ಸಿಗುತ್ತದೋ ಅಲ್ಲಿಗೆ ಯಂತ್ರ ನಿಂತುಬಿಡುತ್ತದೆ. ಮುಂದೆ ಇನ್ನೊಂದು ಇದೆಯೇ ಎಂದು ನೋಡುವುದಿಲ್ಲ. ಈ ಒಂದು ಮಾತನ್ನು ಹೊಸಬರು ಗೋಡೆಯ ಮೇಲೆ ಬರೆದುಕೊಳ್ಳಬೇಕು.

ಹೆಸರಿನ ಡೈರೆಕ್ಟರಿ ಮಾಡುವಾಗ ಸರ್ವಿಸ್ ಪುಸ್ತಕ ಇಟ್ಟುಕೊಂಡು ಎಲ್ಲರನ್ನೂ ಸೇರಿಸಿದೆ. ಪಾಟೀಲರೇ ಹದಿನಾರು ಮಂದಿ ಆದರು. ಅದಕ್ಕಿಂತ ದೊಡ್ಡ ಪಜೀತಿ ಸ್ಟೋರಿನ ಮಾಮಾನದು. ಡೈರೆಕ್ಟರಿ ಚಾಲೂ ಆಗಿ ಎಂಟು ದಿನಕ್ಕೆ ಅವರು ನಮ್ಮ ಕೋಣೆಗೆ ಬಂದು ಸ್ಟೂಲಿನ ಮೇಲೆ ಕೂತರು.

"ಮಾಣಿಕಪ್ಪಾ, ನಾ ಸತ್ತೀನಂತ ಏನರೆ ನೋಟಿಸ್ ಹಚ್ಚೀರೇನು?"

"ಯಾಕ್ರಿ ಮಾಮಾ?"

"ಎಂಟ್ ದಿನಾ ಆತು. ಒಬ್ಬನೂ ಫೋನ್ ಮಾಡಿಲ್ಲ. ಹತ್ತಿ ಬೇಕಂದ್ರೂ ನಡಕೋತ ಬರ್ತಾರ. ನನಗ ಕುಂತ ಕುಂತ ತೂಕಡಿಕಿ."

ಸರ್ವಿಸ್ ಪುಸ್ತಕದಲ್ಲಿ ಅವರ ಹೆಸರು ವೈಜಿನಾಥ. ಆ ಹೆಸರು ಆಸ್ಪತ್ರೆಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಕಲಾವತಿ ಅಕ್ಕ ನಕ್ಕು ನಕ್ಕು ಕಣ್ಣೊರೆಸಿಕೊಂಡರು. "ಮಂದಿ ಯಾರಿಗೆ ಏನಂತ ಕರೀತಾರ ಅದು ನೋಡೋ ಮೊದಲ. ಪುಸ್ತಕದಾಗಿನ ಹೆಸರು ಪೆನ್ಷನ್ನಿಗೆ ಇರಲಿ" ಅಂದರು. ಆ ದಿನವೇ ಮಾಮಾ ಎಂದು ಸೇರಿಸಿದೆ.

ಹೆಣ್ಣುಮಕ್ಕಳದು ಬೇರೆ. ಪ್ರತಿಯೊಬ್ಬರೂ ತಮ್ಮ ಹೆಸರನ್ನು ತಮ್ಮ ದನಿಯಲ್ಲೇ ಹೇಳಿ ಇಡಬೇಕಿತ್ತು. ಹೊರಗಿನವರು ಡೈರೆಕ್ಟರಿ ಹುಡುಕಿದರೂ ಆ ದನಿ ಕೇಳುತ್ತಿತ್ತು. ಎರಡು ದಿನಕ್ಕೆ ಐದಾರು ಸಿಸ್ಟರುಗಳು ಒಟ್ಟಿಗೆ ಬಂದರು. ಯಾರೋ ಊರ ಹುಡುಗರು ಸುಮ್ಮನೆ ಒತ್ತಿ ಒತ್ತಿ ಹೆಸರು ಕೇಳಿ ನಗುತ್ತಿದ್ದಾರೆ ಎಂದರು. ನನಗೆ ಅದು ಹೊಳೆದೇ ಇರಲಿಲ್ಲ. ಅವರನ್ನೆಲ್ಲ ಹೊರಗಿನ ಡೈರೆಕ್ಟರಿಯಿಂದ ತೆಗೆದು ಒಳಗಿನದರಲ್ಲಿ ಮಾತ್ರ ಇಟ್ಟೆ. ಆಡಳಿತಾಧಿಕಾರಿ ಸಾಹೇಬರಿಗೆ ಕೇಳದೆ ಮಾಡಿದ ಒಂದೇ ಒಳ್ಳೆಯ ಕೆಲಸ ಅದು.

ಸಾಹೇಬರ ಬಗ್ಗೆ ಕೆಟ್ಟದ್ದು ಬರೆಯುವ ಮನಸ್ಸಿಲ್ಲ. ಅವರೂ ಈಗ ಇಲ್ಲ. ಆದರೆ ನಡೆದದ್ದನ್ನು ಹೇಳಬೇಕು. ಎರಡು ಊರಿನ ನಂಬರು ಒಂದೇ ಇರುವುದರಿಂದ ಭಾಲ್ಕಿಯ ನಂಬರುಗಳ ಮುಂದೆ ಎಂಟು, ಔರಾದಿನ ನಂಬರುಗಳ ಮುಂದೆ ಒಂಬತ್ತು ಸೇರಿಸಿ ನಾಲ್ಕಂಕಿ ಮಾಡೋಣ ಎಂದು ನಾನು ಬರೆದುಕೊಟ್ಟಿದ್ದೆ. ಮೂರೂ ಊರಿನ ದೊಡ್ಡವರ ಮೀಟಿಂಗ್ ಕರೆದರು. ಭಾಲ್ಕಿಯ ದೊಡ್ಡ ಡಾಕ್ಟರು ತಮ್ಮ ನಂಬರು ಬದಲಾಗಬಾರದು ಎಂದು ಹಟ ಹಿಡಿದರು. ಬಾಗಿಲ ಮೇಲೆ ಪೇಂಟ್ ಮಾಡಿಸಿದ್ದಾಗಿದೆ, ರೋಗಿಗಳ ಚೀಟಿಯ ಮೇಲೆ ಅಚ್ಚಾಗಿದೆ, ಇಪ್ಪತ್ತು ವರ್ಷದ ನಂಬರು. ಸಾಹೇಬರು ಒಪ್ಪಿದರು. ನಂಬರು ಇದ್ದಂತೆಯೇ ಇರಲಿ ಎಂದಾಯಿತು.

ಹಾಗಾದರೆ ಬೀದರಿನವರ ಹುಡುಕು ಪಟ್ಟಿಯಲ್ಲಿ ಬೀದರ ಆದ ಮೇಲೆ ಯಾವ ಊರು ಎಂಬ ಪ್ರಶ್ನೆ ಬಂತು. ಯಂತ್ರದೊಳಗಿನ, ಯಾರ ಕಣ್ಣಿಗೂ ಬೀಳದ ಒಂದು ಪಟ್ಟಿ ಅದು. ಮೀಟಿಂಗಿನಲ್ಲಿ ಅದು ವೇದಿಕೆಯ ಮೇಲೆ ಯಾರ ಕುರ್ಚಿ ಮೊದಲು ಎಂಬ ಹಾಗೆ ಆಯಿತು.

"ಭಾಲ್ಕಿ ಕೆಳಗ ಹ್ಯಾಂಗ ಬರ್ತದ್ರಿ? ನಮ್ದು ಐವತ್ತು ಹಾಸಿಗಿ. ಅವ್ರದು ಇಪ್ಪತ್ತು," ಅಂದರು ಭಾಲ್ಕಿಯವರು.

ಔರಾದಿನ ಡಾಕ್ಟರು ಹೊಸಬರು, ಸಣ್ಣ ವಯಸ್ಸು. "ನಮ್ದೇನಿಲ್ರಿ, ಹಿರಿಯರು ಮ್ಯಾಲಿರಲಿ" ಅಂದು ಚಹಾ ಕುಡಿದರು.

ಸಾಹೇಬರು ನನ್ನ ಕಡೆ ನೋಡಿ, "ಬರಕೋ. ಭಾಲ್ಕಿ ಮೊದಲು, ಔರಾದ ಆಮೇಲೆ" ಅಂದರು.

ಬರೆದುಕೊಂಡೆ. ಬೀದರಿನಲ್ಲಿ ಕೂತು ಯಾರಾದರೂ ವಾಯ್ಸ್‌ಮೇಲಿನಲ್ಲಿ ೨೧೪ ಒತ್ತಿದರೆ ಅದು ಯಾವತ್ತೂ ಔರಾದಿಗೆ ಹೋಗುವುದಿಲ್ಲ ಎಂಬುದನ್ನು ಅಲ್ಲಿಯೇ ಎದ್ದು ನಿಂತು ಹೇಳಬೇಕಾಗಿತ್ತು. ಆಮೇಲೆ ಹೇಳಿದರಾಯಿತು ಅಂದುಕೊಂಡೆ. ಇನ್ನೂ ಒಂದು ತಪ್ಪು ಮಾಡಿದೆ. ಯಂತ್ರದೊಳಗೆ ಬಿಟ್ಟ ಮಾತು ಉಳಿಯುವ ವಿಭಾಗಗಳ ಪೆಟ್ಟಿಗೆಗಳಿಗೆ ಹೆಸರು ಹೇಳಿ ಇಡುವವರು ಯಾರೂ ಇರಲಿಲ್ಲ. ನಾನೇ ಒಂದು ಮಧ್ಯಾಹ್ನ ಕೂತು ಎಲ್ಲದಕ್ಕೂ ನನ್ನ ದನಿ ಹಾಕಿದೆ. ಭಾಲ್ಕಿಯದಕ್ಕೂ ಔರಾದಿನದಕ್ಕೂ ಒಂದೇ ಮಾತು: "ಎಕ್ಸ್‌-ರೇ ವಿಭಾಗ." ಊರಿನ ಹೆಸರು ಸೇರಿಸಲಿಲ್ಲ. ಬೇಗ ಮುಗಿಸಬೇಕಿತ್ತು.

ಔರಾದಿನ ಎಕ್ಸ್‌-ರೇ ಟೆಕ್ನಿಷಿಯನ್ ಶಿವರಾಜ. ಅವನ ತಾಯಿಯನ್ನು ಬೀದರಿಗೆ ತಂದು ಸೇರಿಸಿದ್ದರು. ಅವತ್ತು ಮಧ್ಯಾಹ್ನ ಅವರ ಸ್ಥಿತಿ ಕೆಟ್ಟಿತು. ಜೊತೆಗಿದ್ದ ತಂಗಿ ಅಳುತ್ತ ಬೋರ್ಡಿನ ಕೋಣೆಗೆ ಬಂದಳು. ಶಿವರಾಜ ಮೊಬೈಲ್ ರಿಪೇರಿಗೆ ಕೊಟ್ಟಿದ್ದ. ರಸ್ತೆ ಅಗೆಯುವಾಗ ಕೇಬಲ್ ಹರಿದು ಔರಾದಿನ ಲೈನ್ ಮುಂಜಾನೆಯಿಂದ ಬಂದಾಗಿತ್ತು. ಅದನ್ನು ನೋಡಲು ನಾನು ಔರಾದ ರಸ್ತೆಯಲ್ಲಿದ್ದೆ; ನನ್ನ ಬಳಿ ಆಗ ಮೊಬೈಲ್ ಇರಲಿಲ್ಲ. ಆದರೆ ವಾಯ್ಸ್‌ಮೇಲ್ ಯಂತ್ರ ಬೀದರಿನಲ್ಲೇ ಇತ್ತು. ಲೈನ್ ಇಲ್ಲದಿದ್ದರೂ ಅದರಲ್ಲಿ ಮಾತು ಬಿಟ್ಟರೆ, ಲೈನ್ ಬಂದ ಕೂಡಲೇ ಔರಾದಿನಲ್ಲಿ ಕೆಂಪು ದೀಪ ಹತ್ತುತ್ತದೆ ಎಂದು ನಾನೇ ಕಲಾವತಿ ಅಕ್ಕನಿಗೆ ಕಲಿಸಿದ್ದೆ. ಅವರು ಕಲಿಸಿದಂತೆ ಮಾಡಿದರು. ೨೧೪ ಒತ್ತಿದರು. "ಎಕ್ಸ್‌-ರೇ ವಿಭಾಗ" ಎಂದು ನನ್ನ ದನಿ ಕೇಳಿತು. ಹೇಳಬೇಕಾದದ್ದು ಹೇಳಿದರು. "ಮುಟ್ತದವ್ವಾ, ಸಂಜಿ ಬಸ್ಸಿಗಿ ಬರ್ತಾನ" ಎಂದು ಆ ಹುಡುಗಿಗೆ ಧೈರ್ಯ ಹೇಳಿ ಕಳಿಸಿದರು.

ಮೂರು ಗಂಟೆಗೆ ಲೈನ್ ಸರಿಯಾಯಿತು. ಔರಾದಿನಲ್ಲಿ ಯಾವ ದೀಪವೂ ಹತ್ತಲಿಲ್ಲ. ಮಾತು ಮುಟ್ಟಿದೆ ಎಂದು ನಂಬಿ ಅಕ್ಕ ಮತ್ತೆ ಫೋನ್ ಮಾಡಲಿಲ್ಲ. ಶಿವರಾಜ ಕೆಲಸ ಮುಗಿಸಿ ಮನೆಗೆ ಹೋದ. ಮರುದಿನ ಮುಂಜಾನೆ ಅವನ ತಾಯಿ ಹೋದರು. ಅವನು ಬಂದದ್ದು ಹತ್ತು ಗಂಟೆಗೆ, ಕೈಯಲ್ಲಿ ತಾಯಿಗೆಂದು ತಂದ ಜೋಳದ ಅಂಬಲಿಯ ಡಬ್ಬಿ.

ಅವನು ಬೋರ್ಡಿನ ಕೋಣೆಗೆ ಬಂದು ಕೂಗಾಡಿದ್ದನ್ನು ಪೂರ್ತಿ ಬರೆಯಲಾರೆ. ಕಲಾವತಿ ಅಕ್ಕ ಎದ್ದು ನಿಂತು ಒಂದೇ ಮಾತು ಹೇಳಿದರು: "ನಾ ಹೇಳೀನಪ್ಪಾ. ನಿನ್ನ ಪೆಟ್ಟಿಗ್ಯಾಗ ನೋಡು." ಔರಾದಿನ ಪೆಟ್ಟಿಗೆಯನ್ನು ಎಲ್ಲರ ಎದುರಿಗೆ ತೆರೆಸಿದರು. ಖಾಲಿ. ಆಗ ಅಲ್ಲಿದ್ದವರೆಲ್ಲ ಅವರ ಮುಖ ನೋಡಿದರು. ನಾನೂ ನೋಡಿದೆ. ಮರೆತಿರಬೇಕು ಅಂದುಕೊಂಡೆ. ನನಗೂ ಅವರ ಮೇಲೆ ಸಂಶಯ ಬಂದಿತ್ತು ಎಂಬುದನ್ನೂ ಇಲ್ಲಿ ಬರೆಯಬೇಕು.

ನಾಲ್ಕು ದಿನದ ಮೇಲೆ ಬೇರೆ ಕೆಲಸಕ್ಕೆ ಭಾಲ್ಕಿಗೆ ಹೋಗಿದ್ದೆ. ಅಲ್ಲಿಯ ಎಕ್ಸ್‌-ರೇ ಟೆಕ್ನಿಷಿಯನ್ ಮದುವೆಗೆಂದು ಒಂದು ವಾರದಿಂದ ರಜೆಯಲ್ಲಿದ್ದ. ಬೀಗ ಹಾಕಿದ ಕೋಣೆಯ ಕಿಟಕಿಯಿಂದ ಕೆಂಪು ದೀಪ ಕಂಡಿತು. ಬೀಗದ ಕೈ ತರಿಸಿ ಒಳಗೆ ಹೋಗಿ ಫೋನ್ ಕಿವಿಗೆ ಹಿಡಿದೆ. ಕಲಾವತಿ ಅಕ್ಕನ ದನಿ. ಕೇಳುತ್ತ ಕೇಳುತ್ತ ಆ ಮೀಟಿಂಗು, ಆ ಪಟ್ಟಿ, ಎಲ್ಲ ಒಮ್ಮೆಲೇ ತಿಳಿಯಿತು.

ಅಲ್ಲಿಂದಲೇ ಸಾಹೇಬರಿಗೆ ಫೋನ್ ಮಾಡಿದೆ. ಅವರು ಎಲ್ಲ ಕೇಳಿಸಿಕೊಂಡರು. ಆಮೇಲೆ, "ಮಾಣಿಕಪ್ಪ, ಆಕಿಗೇನು, ಇನ್ನ ಮೂರು ವರ್ಷ ಸರ್ವಿಸ್. ನಿನ್ನ ಮಕ್ಕಳು ಇನ್ನಾ ಸಾಲಿ ಕಲೀಲಿಕತ್ತಾರ. ಇದು ಹೊರಗ ಬಂದ್ರ ನಿಂದೂ ಹೋಗ್ತದ, ನಂದೂ ಹೋಗ್ತದ. ಪಟ್ಟಿ ಸರಿ ಮಾಡು. ಉಳಿದದ್ದ ತೆಗದುಬಿಡು" ಅಂದರು.

ನಾನು ಮೂರು ಒತ್ತಿದೆ. ಆ ಯಂತ್ರದಲ್ಲಿ ಮೂರು ಒತ್ತಿದರೆ ಸಂದೇಶ ಅಳಿಸಿಹೋಗುತ್ತಿತ್ತು. ಸಾಹೇಬರು ಹೇಳಿದ್ದು ನಿಜ. ಆದರೆ ಒತ್ತಿದ ಬೆರಳು ನನ್ನದು.

ಕಲಾವತಿ ಅಕ್ಕನನ್ನು ಬೋರ್ಡಿನಿಂದ ತೆಗೆದು ನೆಲಮಾಳಿಗೆಯ ರೆಕಾರ್ಡ್ ರೂಮಿಗೆ ಹಾಕಿದರು. ಹಳೆಯ ಕೇಸ್ ಪೇಪರು, ಧೂಳು, ಒಂದು ಟ್ಯೂಬ್‌ಲೈಟು. ಅಲ್ಲಿ ಫೋನ್ ಇರಲಿಲ್ಲ. ದಿನವಿಡೀ ಮಾತಾಡಿದ ಹೆಂಗಸು ಮೂರು ವರ್ಷ ಅಲ್ಲಿ ಕೂತರು. ನಾನು ಊಟದ ಹೊತ್ತಿಗೆ ಆಗಾಗ ಹೋಗುತ್ತಿದ್ದೆ. ಅವರು ರೊಟ್ಟಿಗೆ ನಂಚಿಕೊಳ್ಳಲು ಶೇಂಗಾ ಹಿಂಡಿ ಕೊಡುತ್ತಿದ್ದರು. ಒಂದು ದಿನ ಕೇಳಿದರು.

"ತಮ್ಮಾ, ಖರೇ ಹೇಳು. ಮಷೀನಿನಾಗ ಬಿಟ್ಟ ಮಾತು ತಾನಾಗೇ ಹೋಗ್ತದೇನು?"

"ಹಂಗ ಹೋಗಂಗಿಲ್ರಿ ಅಕ್ಕಾ."

"ಮತ್ತ ನಂದು ಎಲ್ಲಿಗಿ ಹೋಯ್ತು? ನನಗ ನೆನಪದ. ಆ ಹುಡುಗಿ ನನ್ನ ಸೆರಗ ಹಿಡಕೊಂಡು ನಿಂತಿದ್ಲು. ಎರಡು, ಒಂದು, ನಾಕು ಒತ್ತಿನಿ. ನಿನ್ನ ದನಿ ಕೇಳಿತು. ನೀ ಮಷೀನಿನಾವ. ಹುಡುಕಿ ನೋಡೋ ಒಮ್ಮಿ."

"ನೋಡ್ತೇನಿ ಅಕ್ಕಾ," ಅಂದೆ.

ಆಮೇಲೆ ಅವರು ಮತ್ತೆ ಕೇಳಲಿಲ್ಲ. ತಮಗೇ ತಮ್ಮ ನೆನಪಿನ ಮೇಲೆ ನಂಬಿಕೆ ಹೋಗಿತ್ತೋ ಏನೋ. ನಿವೃತ್ತಿಯ ದಿನ ಹಾರ ಹಾಕುವಾಗ ಔರಾದಿನಿಂದ ಯಾರೂ ಬರಲಿಲ್ಲ.

ಮುಂದಿನ ವರ್ಷಗಳಲ್ಲಿ ಕೆಲಸ ಬದಲಾಯಿತು. ನಂಬರುಗಳೆಲ್ಲ ನಾಲ್ಕಂಕಿ ಆದವು. ಭಾಲ್ಕಿಯ ದೊಡ್ಡ ಡಾಕ್ಟರು ಹೋದ ಮೇಲೆ ಯಾರೂ ಬೇಡ ಅನ್ನಲಿಲ್ಲ. ಆಮೇಲೆ ಎಲ್ಲರ ಕೈಗೂ ಮೊಬೈಲ್ ಬಂತು. ಈಗ ಆ ಯಂತ್ರವೇ ಇಲ್ಲ. ಹೊಸಬರು ಎಲ್ಲವನ್ನೂ ಕಂಪ್ಯೂಟರಿನ ಮೇಲೆ ಎಳೆದು ಬಿಡುತ್ತಾರೆ. ಒಂದೇ ಮಾತು ಹೇಳುತ್ತೇನೆ: ಯಾವ ಪಟ್ಟಿ ಮಾಡಿದರೂ ಪ್ರತಿ ಊರಿನಲ್ಲಿ ಹೋಗಿ ಕೂತು, ಪ್ರತಿ ಊರಿನಿಂದ ಪ್ರತಿ ಊರಿಗೆ ಮಾತು ಬಿಟ್ಟು, ಎದ್ದು ಹೋಗಿ ದೀಪ ಹತ್ತಿದೆಯೇ ಎಂದು ಕಣ್ಣಾರೆ ನೋಡಿ. ನಾನು ಔರಾದಿಗೆ ಹೋಗಿ ನೋಡಿರಲಿಲ್ಲ.

ಮಣ್ಣು ಮಾಡಿ ಬಂದ ಮೇಲೆ ಹದಿನೈದು ದಿನ ಊಟ ಸೇರಲಿಲ್ಲ. ಹದಿನಾರನೆಯ ದಿನ ಔರಾದ ಬಸ್ ಹತ್ತಿದೆ.

ಶಿವರಾಜ ಇನ್ನೂ ಅದೇ ಎಕ್ಸ್‌-ರೇ ಕೋಣೆಯಲ್ಲಿದ್ದ. ತಲೆ ಬೆಳ್ಳಗಾಗಿತ್ತು.

"ಬರ್ರಿ ಮಾಣಿಕಣ್ಣ! ಏನು, ಮೊಣಕಾಲೇನು? ಮಕ್ಕೊಳ್ರಿ ಟೇಬಲ್ ಮ್ಯಾಲ, ಫಿಲ್ಮ್ ತೆಗದೇಬಿಡ್ತೇನಿ."

"ಕಾಲಲ್ಲಪ್ಪಾ. ಒಂದು ಮಾತು ಹೇಳೋದದ."

ಹೇಳಿದೆ. ಮೀಟಿಂಗಿನಿಂದ ಹಿಡಿದು ಭಾಲ್ಕಿಯ ಕೆಂಪು ದೀಪದವರೆಗೆ. ಮೂರು ಒತ್ತಿದ್ದನ್ನೂ ಹೇಳಿದೆ. ಅವನು ಸೀಸದ ಏಪ್ರನ್ ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದ. ನಡುವೆ ಒಬ್ಬ ಮುದುಕಿ ಎದೆಯ ಫಿಲ್ಮಿಗೆ ಬಂದರು. ಅವನು ಏಪ್ರನ್ ತೊಟ್ಟು, ಅವರನ್ನು ನಿಲ್ಲಿಸಿ, "ಉಸಿರು ಹಿಡೀರಿ ಆಯಿ... ಹಾಂ, ಬಿಡ್ರಿ" ಎಂದು ಕೆಲಸ ಮುಗಿಸಿ ಕಳಿಸಿದ. ಬಾಗಿಲು ಹಾಕಿ ಬಂದು ಸ್ಟೂಲಿನ ಮೇಲೆ ಕೂತ.

"ಏನ್ ಹೇಳಿದ್ಲು ಅಕ್ಕ, ಅದರಾಗ?"

ಆ ಮಾತುಗಳು ನನ್ನ ಬಳಿ ಮಾತ್ರ ಇದ್ದವು. ಒಂದಕ್ಷರ ಮರೆತಿರಲಿಲ್ಲ. ಹೇಳಿದೆ.

"ಶಿವರಾಜ, ಕಲಾವತಿ ಅಕ್ಕ ಮಾತಾಡ್ಲಿಕತ್ತೀನಿ. ಅವ್ವಗ ಜರಾ ಹೆಚ್ಚಾಗ್ಯದ. ಹೆದರಬ್ಯಾಡ. ನಾಲ್ಕೂವರಿ ಬಸ್ಸಿಗಿ ಬಂದುಬಿಡು. ನೀ ಬರೋತನಾ ನಾ ಆಕಿ ಬಾಜೂಕ ಕೂಡ್ತೇನಿ."

"ಇನ್ನೊಮ್ಮಿ ಹೇಳ್ರಿ."

ಇನ್ನೊಮ್ಮೆ ಹೇಳಿದೆ. ಅವನು ಗೋಡೆ ನೋಡುತ್ತ ಕೇಳಿದ.

"ಕೂತಿದ್ಲೇನು?"

"ಕೂತಿದ್ರು. ಡ್ಯೂಟಿ ಮುಗಿದ ಮ್ಯಾಲ ಮನಿಗಿ ಹೋಗಿಲ್ಲ. ನಸುಕಿನ ತನಕಾ ವಾರ್ಡಿನಾಗೇ ಇದ್ರು. ನಿನ್ನ ತಂಗಿಗಿ ಗೊತ್ತದ."

"ನನ್ನ ತಂಗಿ ಹೇಳಿದ್ಲು. ತಪ್ಪು ಮಾಡೀನಂತ ಕೂತಿರಬೇಕು ಅಂದಿದ್ದೆ ನಾ." ಅವನು ಮುಖ ಉಜ್ಜಿಕೊಂಡ. "ಭಾಲ್ಕಿ ಬಸ್ ಸ್ಟ್ಯಾಂಡಿನಾಗ ಒಮ್ಮಿ ಎದುರಿಗಿ ಬಂದ್ಲು ಮಾಣಿಕಣ್ಣ. 'ಆರಾಮ ಇದ್ದೀ ಏನೋ' ಅಂದ್ಲು. ನಾ ಉಗುಳಿ ಹೋದೆ. ಈಗ ಅದಕ ನಾ ಏನ್ ಮಾಡಲಿ? ನೀವು ಹೇಳಿದ್ರಿ, ಹಗುರಾದ್ರಿ. ನಾ ಎಲ್ಲಿ ಹೋಗಿ ಹೇಳಲಿ?"

ಹೇಳಿದ್ದೆ ನಿಜ. ಹಗುರಾಗಿರಲಿಲ್ಲ.

ಅವನು ಡ್ರಾಯರಿನಿಂದ ರಿಪೋರ್ಟ್ ಬರೆಯುವ ಹಾಳೆ ತೆಗೆದು ನನ್ನ ಮುಂದೆ ಇಟ್ಟ. "ಬರೀರಿ. ಹೆಸರು ಹಾಕಿ, ಸಹಿ ಮಾಡಿ."

ಬರೆದುಕೊಟ್ಟೆ. ಓದಿ ವಾಪಸ್ ಕೊಟ್ಟ.

"ಪಟ್ಟಿ ತಪ್ಪಾಗಿದ್ದು ಬರ್ದೀರಿ. ಅಳಿಸಿದ್ದು ಬರ್ದಿಲ್ಲ."

ಅದನ್ನೂ ಬರೆದೆ. ಅವನು ಹಾಳೆ ಮಡಚಿ ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡು, ಅರ್ಧ ದಿನದ ರಜೆ ಬರೆದು, ಗಾಡಿಯ ಕೀಲಿ ತೆಗೆದುಕೊಂಡ. ಹಲಬರ್ಗಾಕ್ಕೆ, ಅಕ್ಕನ ಮಗಳ ಮನೆಗೆ ಎಂದು ಗೊತ್ತಾಯಿತು.

"ನಾನೂ ಬರ್ಲೇನು?"

"ಬ್ಯಾಡ್ರಿ," ಅಂದ.

ಎರಡು ದಿನದ ಮೇಲೆ ಕಲಾವತಿ ಅಕ್ಕನ ಮಗಳು ಫೋನ್ ಮಾಡಿದಳು. ಸಣ್ಣವಳಿದ್ದಾಗಿನಿಂದ ನನ್ನನ್ನು ಕಾಕಾ ಎಂದು ಕರೆಯುವ ಹುಡುಗಿ. ಜೋರು ಮಾಡಲಿಲ್ಲ.

"ಕಾಕಾ, ಓದಿದೆ. ಅವ್ವ ಕಡೀಕ ಕಡೀಕ ತಾನೇ ಮರ್ತಿರಬೇಕು ಅಂತಿದ್ಲು. ನನಗ ತಲಿ ಸರಿ ಇಲ್ಲ ಆವಾಗಿಂದ, ಅಂತಿದ್ಲು. ನೀವು ಶೇಂಗಾ ಹಿಂಡಿ ತಿನ್ನಲಾಕ ಹೋಗ್ತಿದ್ರಿ, ಅಲ್ಲ?"

"ಹೌದವ್ವಾ."

"ಶಿವರಾಜ ಅಣ್ಣ ಆ ಹಾಳಿ ಮೂರೂ ದವಾಖಾನಿ ನೋಟಿಸ್ ಬೋರ್ಡಿಗಿ ಹಚ್ಚತೀನಿ ಅಂದಾನ. ನಾ ಹೂಂ ಅಂದೀನಿ. ನಿಮಗ ಹೇಳಿ ಹಚ್ಚಬೇಕಂತ ಫೋನ್ ಮಾಡಿದೆ."

"ಹಚ್ಚಲಿ," ಅಂದೆ.

"ಮತ್ತ, ಸ್ವಲ್ಪ ದಿನಾ ನಮ್ಮ ಮನಿಗಿ ಬರಬ್ಯಾಡ್ರಿ ಕಾಕಾ."

ಮೊದಲು ಔರಾದಿನಲ್ಲಿ ಹಚ್ಚಿದರಂತೆ, ಆಮೇಲೆ ಭಾಲ್ಕಿಯಲ್ಲಿ, ಕಳೆದ ಸೋಮವಾರ ಬೀದರಿನಲ್ಲಿ. ಆಸ್ಪತ್ರೆ ನನ್ನ ಮನೆಯಿಂದ ನಡೆದು ಹೋಗುವಷ್ಟು ದೂರ. ಜನ ನಿಂತು ಓದುತ್ತಿದ್ದಾರೆ ಎಂದು ಕೇಳಿದೆ. ನಾನಿನ್ನೂ ಆ ಕಡೆ ಹೋಗಿಲ್ಲ.